ಖಾಲಿ ಹೋಗಬಾರದ ಡಬ್ಬಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿ ಹೊಗಳಿಸಿಕೊಳ್ಳುವುದೆಂದರೆ ಅವರಿಗೆ ಮೈ ಉರಿಯುತ್ತಿತ್ತು. ನಿವೃತ್ತಿಯ ದಿನ ಹಾರ ಹಿಡಿದು ಬಂದ ಸಹೋದ್ಯೋಗಿಗಳಿಗೆ, "ಇದನ್ನ ಯಾವ್ದಾದ್ರೂ ಫೋಟೋಗೆ ಹಾಕ್ರಮ್ಮ, ನಾನಿನ್ನೂ ಫೋಟೋ ಆಗಿಲ್ಲ" ಎಂದಿದ್ದರಂತೆ. ಹೋದ ತಿಂಗಳು ಅವರೂ ಫೋಟೋ ಆದರು. ತುಮಕೂರಿನ ಬಟವಾಡಿಯ ಬಾಡಿಗೆ ಮನೆಯ ಹಾಲ್‌ನಲ್ಲಿ, ಟೀವಿಯ ಪಕ್ಕದ ಗೋಡೆಯಲ್ಲಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹಾರದೊಳಗಿಂದ ನಗುತ್ತಿದ್ದಾರೆ. ಬಾಯ್ತುಂಬ ನಗು. ಒಂದು ಹಲ್ಲು ಬಿದ್ದಿರುವುದು ಕೂಡ ಕಾಣುತ್ತದೆ.

ಶಿವಗಣಾರಾಧನೆಗೆ ಬಂದವರೆಲ್ಲ ಆ ಫೋಟೋ ನೋಡಿ ಎಷ್ಟು ಚೆನ್ನಾಗಿದೆ ಎಂದರು. ನನಗೆ ಮಾತ್ರ ಅದರ ಎದುರಿಗೆ ನಿಲ್ಲಲಾಗಲಿಲ್ಲ. ಅವರ ಜೊತೆ ಎರಡು ವರ್ಷ ಕೆಲಸ ಮಾಡಿದವಳು ನಾನು. ಆ ಎರಡು ವರ್ಷದಲ್ಲಿ ಅವರ ಹಲ್ಲು ಕಂಡದ್ದು ಬೈಯುವಾಗ ಮಾತ್ರ. ಆಮೇಲೆ ಅವರ ಬಾಳಿನಲ್ಲಿ ನಡೆದದ್ದನ್ನು ನೋಡಿದರೆ ಅವರು ನಗಲು ಕಾರಣವೇ ಇರಲಿಲ್ಲ. ಹಾಗೆ ನಡೆಯಲು ಕಾರಣಳಾದವಳು ಆರಾಧನೆಯ ಪಂಕ್ತಿಯಲ್ಲಿ ಕೂತು ಪಾಯಸ ಉಣ್ಣುತ್ತಿದ್ದಳು.

ಅವರು ನಗಲು ಕಲಿತಿದ್ದಾರೆಂದು ನನಗೆ ಗೊತ್ತಾದದ್ದು ಹತ್ತು ವರ್ಷದ ಹಿಂದೆ, ಬಟವಾಡಿಯ ಒಂದು ಕ್ಲಿನಿಕ್ಕಿನಲ್ಲಿ. ಥೈರಾಯ್ಡ್ ತೋರಿಸಲು ಹೋಗಿದ್ದೆ. ಟೋಕನ್ ಹಿಡಿದು ಕಾಯುತ್ತಿದ್ದ ಜನರ ಮಧ್ಯೆ ಯಾರೋ ಗಟ್ಟಿಯಾಗಿ ನಗುತ್ತಿದ್ದರು. "ನಂದು ಮೂವತ್ತೊಂದನೇ ಟೋಕನ್ನು ಕಣಪ್ಪ. ನಾನ್ ಒಳಗ್ ಹೋಗೋಷ್ಟ್ರಲ್ಲಿ ಡಾಕ್ಟ್ರಿಗೇ ಬೀಪಿ ಬಂದಿರುತ್ತೆ." ದನಿ ಎಲ್ಲೋ ಕೇಳಿದ್ದು ಅನಿಸಿ ತಿರುಗಿದೆ. ಇಪ್ಪತ್ತು ವರ್ಷದಿಂದ ಯಾರ ಕಣ್ಣಿಗೆ ಬೀಳಬಾರದೆಂದು ಮದುವೆ ಮನೆಗಳಲ್ಲಿ ಹಿಂದಿನ ಸಾಲಿನಲ್ಲಿ ಉಂಡು ಓಡಿಬರುತ್ತಿದ್ದೆನೋ ಅವರೇ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟೆ.

"ಏಯ್, ಎಲ್ಲಿಗ್ ಹೋಗ್ತೀಯ? ಬಾರೇ ಇಲ್ಲಿ, ಕೂತ್ಕೋ." ಪಕ್ಕದಲ್ಲಿದ್ದ ಚೀಲ ಎತ್ತಿ ಜಾಗ ಮಾಡಿದರು. "ದಪ್ಪ ಆಗಿದೀಯ. ಒಳ್ಳೇದಾಯ್ತು ಬಿಡು, ಆಗ ಗಾಳಿಗ್ ಹಾರಿಹೋಗೋ ಹಂಗಿದ್ದೆ."

ಕೂತೆ. "ಹೇಗಿದ್ದೀರಿ ಅಕ್ಕ?" ಎಂದೆ. "ಚೆನ್ನಾಗಿದೀನಿ ಕಣೇ" ಎಂದರು. ಎಲ್ಲರೂ ಅನ್ನುವ ಚೆನ್ನಾಗಿದೀನಿ ಅಲ್ಲ ಅದು. ಸಕ್ಕರೆ ಕಾಯಿಲೆ ಇತ್ತು, ಮಂಡಿ ಸವೆದಿತ್ತು, ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಅವೆಲ್ಲವನ್ನೂ ಹೇಳಿ ಕೊನೆಗೆ ಮತ್ತೆ, "ನಿಜವಾಗ್ಲೂ ಚೆನ್ನಾಗಿದೀನಿ" ಎಂದು ನನ್ನ ಮಂಡಿ ತಟ್ಟಿದರು. ಆಗ ನನಗಾದದ್ದು ಸಮಾಧಾನವಲ್ಲ, ಸಿಟ್ಟು. ಇವರು ಹೇಗೆ ಚೆನ್ನಾಗಿರಲು ಸಾಧ್ಯ ಎಂಬ ಸಿಟ್ಟು. ಆವತ್ತಿನ ದಿನವನ್ನು ಮರೆತೇಬಿಟ್ಟರಾ?

ಆವತ್ತಿನ ದಿನವನ್ನು ಹೇಳಬೇಕಾದರೆ ರೈಲಿನಿಂದ ಶುರುಮಾಡಬೇಕು.

ನಾವು ಏಳೆಂಟು ಜನ ಟೀಚರುಗಳು ತುಮಕೂರಿನಿಂದ ಗುಬ್ಬಿಗೆ ದಿನವೂ ಪ್ಯಾಸೆಂಜರ್ ರೈಲಿನಲ್ಲಿ ಓಡಾಡುತ್ತಿದ್ದೆವು. ಅರ್ಧ ಗಂಟೆಯ ದಾರಿ. ಅವರೆಕಾಯಿ ಕಾಲದಲ್ಲಿ ನಮ್ಮ ಬೋಗಿ ಅಡುಗೆಮನೆಯೇ ಆಗಿಬಿಡುತ್ತಿತ್ತು. ರಾತ್ರಿ ನೆನೆಹಾಕಿದ ಕಾಳನ್ನು ತಂದು, ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು, ಹಿತಕುತ್ತಾ ಹೋಗುತ್ತಿದ್ದೆವು. ಕಾಳು ಪಾತ್ರೆಗೆ, ಸಿಪ್ಪೆ ಕಿಟಕಿಯಾಚೆಗೆ. ಗುಬ್ಬಿ ಬರುವಷ್ಟರಲ್ಲಿ ಸಂಜೆಯ ಸಾರಿಗೆ ಸಾಕಾಗುವಷ್ಟು ಕಾಳಾಗುತ್ತಿತ್ತು. ನಾವಿಬ್ಬರೂ ಒಂದೇ ಶಾಲೆಯವರು. ಶಾಲೆಯಲ್ಲಿ ಅವರು ಮೇಡಂ, ರೈಲಿನಲ್ಲಿ ಅಕ್ಕ. ಅವರಿಗೆ ನಲವತ್ತು ದಾಟಿತ್ತು, ನನಗೆ ಇಪ್ಪತ್ತಾರು. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ, ಮದುವೆ ಗೊತ್ತಾಗಿತ್ತು.

ಆಗಿನ ಅಕ್ಕ ಮಹಾ ಸಿಡುಕಿ. ಯಾರಿಗೆ ಊರ ಹತ್ತಿರದ ಶಾಲೆ ಸಿಕ್ಕಿತು, ಯಾರ ಮಗಳು ಮೊದಲ ರ‍್ಯಾಂಕು, ಯಾರ ಗಂಡ ಸ್ಟೇಷನ್ನಿಗೆ ಸ್ಕೂಟರಿನಲ್ಲಿ ಬಿಡಲು ಬರುತ್ತಾನೆ, ಎಲ್ಲದರ ಲೆಕ್ಕ ಅವರ ಬಾಯಲ್ಲಿತ್ತು. ಕಾಳು ಹಿತಕುವಾಗಲೂ ಯಾರದು ಜಾಸ್ತಿಯಾಯಿತೆಂದು ಓರೆಗಣ್ಣಲ್ಲಿ ನೋಡುತ್ತಿದ್ದರು. ಮಕ್ಕಳು ಅವರ ಚಪ್ಪಲಿಯ ಸದ್ದಿಗೇ ಎದ್ದು ನಿಲ್ಲುತ್ತಿದ್ದರು.

ನಮ್ಮ ಬೋಗಿಗೆ ಒಂದು ಒಪ್ಪಂದವಿತ್ತು. ಯಾರಿಗಾದರೂ ರೈಲು ತಪ್ಪಿದರೆ ಅವರು ಹಿಂದಿನಿಂದ ಬಸ್ಸಿನಲ್ಲಿ ಬರುವವರೆಗೆ ಮೊದಲು ತಲುಪಿದವರು ಅವರ ಕ್ಲಾಸನ್ನು ನೋಡಿಕೊಳ್ಳಬೇಕು, ಅವರ ಹಾಜರಿ ಪುಸ್ತಕದಲ್ಲಿ ಮಕ್ಕಳ ಹಾಜರಿ ಹಾಕಿಡಬೇಕು. ಹೆಡ್‌ಮಾಸ್ಟರಿಗೂ ಗೊತ್ತಿತ್ತು, ಕಂಡರೂ ಕಾಣದ ಹಾಗಿರುತ್ತಿದ್ದರು. ರೈಲಿನಲ್ಲಿ ಓಡಾಡಿ ಬದುಕಿದವರಿಗೆ ಇದು ತಪ್ಪು ಅನಿಸುತ್ತಲೇ ಇರಲಿಲ್ಲ, ಜಾಗ ಹಿಡಿದಿಟ್ಟ ಹಾಗೆ ಅನಿಸುತ್ತಿತ್ತು.

ಆ ದಿನ ಅಕ್ಕನ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ರೈಲಿಗೆ ಬರಲಿಲ್ಲ. ನಮ್ಮ ಶಾಲೆಯಲ್ಲಿ ತಾಲ್ಲೂಕು ಕ್ರೀಡಾಕೂಟದ ಡ್ರಿಲ್ ಅಭ್ಯಾಸ. ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳೆಲ್ಲ ಮೈದಾನದಲ್ಲಿ. ನಾನು ಸ್ಟಾಫ್‌ರೂಮಿನಲ್ಲಿ ನಿಂತುಕೊಂಡೇ ಅವರ ಆರನೇ ಕ್ಲಾಸಿನ ಪುಸ್ತಕ ತೆಗೆದೆ. ಬಂದವರಿಗೆ ಓರೆಗೆರೆ, ಬಾರದವರಿಗೆ 'ಗೈ' ಎಂದು ಬರೆಯಬೇಕು. ಹೆಸರು ಕೂಗಲಿಲ್ಲ. ಮೈದಾನಕ್ಕೆ ಹೋಗಿ ಎಣಿಸಲೂ ಇಲ್ಲ. ನಲವತ್ತನಾಲ್ಕು ಹೆಸರಿಗೆ ನಲವತ್ತನಾಲ್ಕು ಗೆರೆ ಎಳೆದೆ. ಅರ್ಧ ನಿಮಿಷ ಹಿಡಿದಿರಬಹುದು.

ಇಪ್ಪತ್ತಮೂರನೆಯ ಹೆಸರಿನ ಹುಡುಗಿ ಶಾಲೆಗೆ ಬಂದಿರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಅಕ್ಕ ಬಸ್ಸಿಳಿದು ಬೆವರು ಒರೆಸಿಕೊಳ್ಳುತ್ತಾ ಬಂದರು. ಅದೇ ಸಮಯಕ್ಕೆ ಆ ಹುಡುಗಿಯ ಅಜ್ಜಿ ಸ್ಟೀಲಿನ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದಳು. ತಂದೆತಾಯಿ ಇಲ್ಲದ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ಮುದುಕಿ.

"ಮೇಡಮ್ಮೋರೆ, ನಮ್ ಮಗು ಊಟದ ಡಬ್ಬಿ ಮರ್ತು ಬಂದೈತೆ. ಬಂದವ್ಳಲ್ವಾ?"

ಅಕ್ಕ ಮೇಜಿನ ಮೇಲೆ ತೆರೆದೇ ಇದ್ದ ಪುಸ್ತಕ ನೋಡಿದರು. "ಬಂದಿದಾಳೆ ಅಜ್ಜಿ, ಹಾಜರಿ ಇದೆ. ಎಲ್ರೂ ಮೈದಾನದಲ್ಲಿದಾರೆ. ಡಬ್ಬಿ ಇಲ್ಲಿಡು, ನಾನ್ ಕೊಡ್ತೀನಿ." ಅಜ್ಜಿ ಡಬ್ಬಿಯನ್ನು ಕಿಟಕಿಯಲ್ಲಿಟ್ಟು ನಿಶ್ಚಿಂತೆಯಿಂದ ಹೋದಳು. ನಾನು ಅಲ್ಲೇ ಇದ್ದೆ. ಮುಚ್ಚಳದ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದಿದ್ದ 'ಗಂಗಮ್ಮ, ಗುಬ್ಬಿ' ಎಂಬ ಹೆಸರನ್ನೂ, ಪಕ್ಕದಲ್ಲಿದ್ದ ಒಂದು ಜಜ್ಜನ್ನೂ ಸುಮ್ಮನೆ ನೋಡಿದ್ದೆ.

ಡ್ರಿಲ್ ಗದ್ದಲದಲ್ಲಿ ಆ ದಿನ ಪಾಠ ನಡೆಯಲಿಲ್ಲ, ಮಧ್ಯಾಹ್ನದ ಹಾಜರಿಯೂ ಆಗಲಿಲ್ಲ. ಕೊನೆಯ ಗಂಟೆ ಹೊಡೆದಾಗ ಅಕ್ಕ ಕಿಟಕಿಯ ಕಡೆ ನೋಡಿ, "ಅಯ್ಯೋ, ಈ ಡಬ್ಬಿ ಕೊಡ್ಲೇ ಇಲ್ಲ. ಅವ್ಳಾದ್ರೂ ಬಂದು ಕೇಳ್ಬಾರ್ದಾ?" ಎಂದರು. ಹೊರಗೆ ಹೋಗುತ್ತಿದ್ದ ಮಕ್ಕಳನ್ನು ಕರೆದು ವಿಚಾರಿಸಿದರು. ಒಬ್ಬಳು, "ಅವ್ಳು ಇವತ್ತು ಬಂದೇ ಇಲ್ಲ ಮಿಸ್" ಎಂದಳು.

ಅಕ್ಕ ತಿರುಗಿ ನನ್ನನ್ನು ನೋಡಿದರು. ನಾನು ಗಡಿಯಾರ ನೋಡಿ, "ರೈಲಿಗೆ ಟೈಮಾಯ್ತು ಅಕ್ಕ" ಎಂದೆ. ಚೀಲ ತೆಗೆದುಕೊಂಡು ಹೊರಟೆ. ಅವರು ಡಬ್ಬಿ ಹಿಡಿದುಕೊಂಡು ಅಜ್ಜಿಯ ಮನೆಯ ಕಡೆ ಹೋದರು. ಆ ಸಂಜೆ ರೈಲಿನಲ್ಲಿ ಅವರ ಜಾಗಕ್ಕೆ ಯಾರೋ ಟೊಮೆಟೊ ಬುಟ್ಟಿ ಇಟ್ಟಿದ್ದರು.

ಹುಡುಗಿ ಸಿಕ್ಕಿದ್ದು ಕತ್ತಲಾದ ಮೇಲೆ, ಎಲಚಿ ಗಿಡದ ಪಕ್ಕದ ಹಾಳುಬಾವಿಯಲ್ಲಿ. ಹಣ್ಣು ಕೀಳಲು ಹೋಗಿ ಜಾರಿದ್ದಳು. ಬಾವಿಯಲ್ಲಿ ನೀರು ಸೊಂಟದ ಮಟ್ಟ ಇತ್ತು ಎಂದು ಕೆಲವರು, ಮೊಣಕಾಲ ಮಟ್ಟ ಎಂದು ಕೆಲವರು. ಮೊಣಕಾಲ ಮಟ್ಟವಾದರೆ ಎಷ್ಟು ಹೊತ್ತು ಕೂಗಿರಬಹುದು ಎಂಬ ಲೆಕ್ಕವನ್ನು ನಾನು ಮೂವತ್ತನಾಲ್ಕು ವರ್ಷದಿಂದ ಹಾಕುತ್ತಿದ್ದೇನೆ. ಹನ್ನೊಂದು ಗಂಟೆಗೇ ಹುಡುಕಲು ಹೊರಟಿದ್ದರೆ?

ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಹಾಜರಿ ಪುಸ್ತಕ ಮುಂದಿಟ್ಟು, ಇದನ್ನು ಹಾಕಿದವರು ಯಾರು ಎಂದು ಕೇಳಿದರು. ನಾನು ಹೇಳಬೇಕೆಂದು ಉಸಿರು ಎಳೆದುಕೊಂಡದ್ದು ನಿಜ. ಆದರೆ ಪ್ರೊಬೇಷನ್ನು, ಗೊತ್ತಾಗಿದ್ದ ಮದುವೆ, ಅಪ್ಪನ ಮುಖ, ಎಲ್ಲ ಒಟ್ಟಿಗೆ ಅಡ್ಡ ಬಂದವು. ಅಷ್ಟರಲ್ಲಿ ಅಕ್ಕ ಎದ್ದು ನಿಂತರು.

"ನನ್ ಕ್ಲಾಸು ಸಾರ್. ನನ್ ಪುಸ್ತಕ. ಬಂದಿದಾಳೆ ಅಂತ ಅಜ್ಜಿಗ್ ಹೇಳಿದ್ದೂ ನಾನೇ."

ಸುಳ್ಳು ಒಂದಕ್ಷರವೂ ಇರಲಿಲ್ಲ. ಗೆರೆ ಎಳೆದವಳು ನಾನು ಎಂಬುದು ಮಾತ್ರ ಅದರಲ್ಲಿರಲಿಲ್ಲ. ಅವರನ್ನು ಅಮಾನತು ಮಾಡಿದರು, ಆಮೇಲೆ ಕುಣಿಗಲ್ ತಾಲ್ಲೂಕಿಗೆ, ಮಾರ್ಕೋನಹಳ್ಳಿ ಕಡೆಯ ಒಂದು ಶಾಲೆಗೆ ಹಾಕಿದರು. ಬೆಳಗ್ಗೆ ಆರಕ್ಕೆ ಹೊರಟು ಎರಡು ಬಸ್ಸು ಹತ್ತಬೇಕಿತ್ತು. ಹೊರಡುವ ಮುಂಚೆ ನನ್ನ ಮದುವೆಗೆ ಬಂದು, ಅಕ್ಷತೆ ಹಾಕಿ, ಮುಖ ಗಂಟಿಕ್ಕಿಕೊಂಡೇ ಹೋದರು. ಆ ಗಂಟು ಇನ್ನೂ ಹದಿನೈದು ವರ್ಷ ಬಿಚ್ಚಲಿಲ್ಲವಂತೆ. ಆ ಕಡೆಯ ಟೀಚರುಗಳು ಹೇಳುತ್ತಿದ್ದರು, ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿಯಿದ್ದರೂ ಯಾರೂ ಕೂರುತ್ತಿರಲಿಲ್ಲ ಎಂದು.

ನಾನು? ನಾನು ಬೇರೆ ಬೇರೆ ಶಾಲೆಗಳಲ್ಲಿ ಬಹಳ ಶಿಸ್ತಿನ ಟೀಚರ್ ಎನಿಸಿಕೊಂಡೆ. ಹೆಸರು ಕೂಗಿ, ತಲೆಯೆತ್ತಿ ಮುಖ ನೋಡಿ, ಆಮೇಲೇ ಗೆರೆ. ಇಪ್ಪತ್ತಮೂರು ಬಂದಾಗ ಪೆನ್ನು ನಿಲ್ಲುತ್ತಿತ್ತು. ಯಾವ ಊರು, ಯಾವ ಕ್ಲಾಸಾದರೂ ಸರಿ, ಎದುರಿಗೆ ಮಗು ಎದ್ದು ನಿಂತು "ಎಸ್ ಮಿಸ್" ಅಂದರೂ ಸರಿ, ಅದರ ಬೆನ್ನ ಹಿಂದೆ ಇನ್ನೊಂದು ಮಗು ನಿಂತ ಹಾಗೆ ಕಾಣುತ್ತಿತ್ತು. ನಿವೃತ್ತಿಯಾಗುವ ದಿನದವರೆಗೂ ಅವಳು ನನ್ನ ಎಲ್ಲಾ ಕ್ಲಾಸಿಗೂ ಬಂದಳು. ಅವಳಷ್ಟು ತಪ್ಪದೆ ಬಂದ ವಿದ್ಯಾರ್ಥಿನಿ ನನಗೆ ಬೇರೆ ಯಾರೂ ಇಲ್ಲ.

ಈಗ ಕ್ಲಿನಿಕ್ಕಿನಲ್ಲಿ ನನಗೆ ಯಾಕೆ ಸಿಟ್ಟು ಬಂತೆಂದು ತಿಳಿದಿರಬೇಕು.

ಆದರೂ ಆ ದಿನದಿಂದ ಅವರ ಮನೆಗೆ ಹೋಗತೊಡಗಿದೆ. ಯಾಕೆ ಹೋಗುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮನೆಯ ಮುಂದೆ ಒಂದು ಕಲ್ಲುಬೆಂಚು. ಅದರ ಮೇಲೆ ಕೂತು, ಹೈವೇ ಕಡೆ ಹೋಗುವ ಆಟೋಗಳನ್ನು ನೋಡುತ್ತಾ ಅವರೆಕಾಳು ಹಿತಕುವುದು ಅವರ ಕೆಲಸ. ನಾನೂ ಕೈ ಹಾಕುತ್ತಿದ್ದೆ. ಈಗ ಯಾರದು ಜಾಸ್ತಿಯಾಯಿತೆಂದು ಅವರು ನೋಡುತ್ತಿರಲಿಲ್ಲ. ಮಾತಾಡುತ್ತಾ ಹಿತಕಿದ ಕಾಳನ್ನು ನನ್ನ ಪಾತ್ರೆಗೇ ಹಾಕಿಬಿಡುತ್ತಿದ್ದರು.

"ವಯಸ್ಸಾದ್ಮೇಲೆ ಖುಷಿ ಜಾಸ್ತಿಯಾಗುತ್ತೆ ಕಣೇ" ಎಂದರು ಒಂದು ದಿನ, ಗುಟ್ಟು ಹೇಳುವ ಹಾಗೆ. "ಯಾವ ಮುದುಕೀನೂ ಹೇಳಲ್ಲ ಇದ್ನ. ಹೇಳಿದ್ರೆ ಮಕ್ಳು ಮಂಡಿಗೆ ಎಣ್ಣೆ ತಂದ್ಕೊಡೋದು ನಿಲ್ಲಿಸ್ಬಿಡ್ತಾರೆ ಅಂತ ಭಯ."

"ಸುಮ್ನಿರಿ ಅಕ್ಕ. ನೋವು, ಮಾತ್ರೆ, ಒಬ್ಬೊಬ್ರೇ ಹೋಗ್ತಿರೋದು. ಅದ್ರಲ್ಲಿ ಖುಷಿ ಎಲ್ಲಿಂದ ಬರುತ್ತೆ?"

"ಅದೇ ನಂಗೂ ಆಶ್ಚರ್ಯ. ಮೊದ್ಲು ನೂರು ಜನ ಏನಂತಾರೋ ಅಂತ ಸಾಯ್ತಿದ್ದೆ. ಅವ್ರಲ್ಲಿ ಅರ್ಧ ಜನ ಹೋದ್ರು, ಇನ್ನರ್ಧಕ್ಕೆ ಕಿವಿ ಕೇಳಲ್ಲ. ಇನ್ ಜಾಸ್ತಿ ದಿನ ಇಲ್ಲ ಅಂತ ಗೊತ್ತಾದಾಗ, ಯಾರ್ ಜೊತೆ ಕೂರ್ಬೇಕು, ಯಾರ್ ಜೊತೆ ಬೇಡ ಅಂತ ತಾನಾಗೇ ಗೊತ್ತಾಗುತ್ತೆ. ನೋಡು, ನಿನ್ ಜೊತೆ ಕೂತಿದೀನಿ."

ಆ ಮಾತಿಗೆ ನನ್ನ ಕಣ್ಣು ತುಂಬಿತು. ಕಾಳಿನ ಸಿಪ್ಪೆ ಕಣ್ಣಿಗೆ ಸಿಡಿಯಿತೆಂದು ಸುಳ್ಳು ಹೇಳಿದೆ.

ಅವರು ಏನನ್ನೂ ಮರೆತಿಲ್ಲವೆಂದು ಗೊತ್ತಾದದ್ದು ಮತ್ತೊಂದು ಬೆಳಗ್ಗೆ. ಬೇಗ ಹೋಗಿದ್ದೆ. ಲಿಂಗಪೂಜೆ ಮುಗಿಸಿ, ಕಾಫಿಗೆ ಹಾಲಿಟ್ಟು, ಒಲೆಯ ಮುಂದೆ ನಿಂತು ಏನೋ ಹೇಳಿಕೊಳ್ಳುತ್ತಿದ್ದರು. ಸ್ತೋತ್ರ ಎಂದುಕೊಂಡೆ. ಕಿವಿಗೊಟ್ಟರೆ ಹೆಸರುಗಳು. ಅನುಸೂಯ, ಆಶಾ, ಇಂದ್ರಮ್ಮ, ಉಮಾ. ಅದೇ ಆರನೇ ಕ್ಲಾಸು. ನಾನು ಬಾಗಿಲಲ್ಲೇ ನಿಂತು ಎಣಿಸತೊಡಗಿದೆ. ಇಪ್ಪತ್ತೆರಡು ಆಯಿತು. ಇಪ್ಪತ್ತಮೂರನೆಯ ಹೆಸರನ್ನು ಅವರು ಮಿಕ್ಕವುಗಳಂತೆಯೇ ಕೂಗಿದರು. ಒಬ್ಬರು "ಎಸ್ ಮಿಸ್" ಎನ್ನಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ನಿಂತರು. ಆಮೇಲೆ ಇಪ್ಪತ್ತನಾಲ್ಕು. ನಲವತ್ತನಾಲ್ಕು ಮುಗಿಯುವುದಕ್ಕೂ ಹಾಲು ಉಕ್ಕುವುದಕ್ಕೂ ಸರಿಹೋಯಿತು.

ತಿರುಗಿ ನನ್ನನ್ನು ಕಂಡು ಗಾಬರಿಯಾಗಲಿಲ್ಲ. "ದಿನಾ ಕೂಗ್ತೀನಿ ಕಣೇ. ಮೊದ್ಲೆಲ್ಲ ಇಪ್ಪತ್ಮೂರಕ್ ಬಂದು ನಿಂತ್ಬಿಡ್ತಿದ್ದೆ. ಮುಂದಕ್ ಹೋಗೋಕೇ ಆಗ್ತಿರ್ಲಿಲ್ಲ. ಎಷ್ಟೋ ವರ್ಷ ಹಂಗೇ. ಆಮೇಲೊಂದಿನ ಅನ್ನಿಸ್ತು, ಇವ್ಳ ಹಿಂದೆ ಇನ್ನೂ ಇಪ್ಪತ್ತೊಂದು ಮಕ್ಳು ಎದ್ದು ನಿಂತ್ಕೊಂಡು ಕಾಯ್ತಾ ಇದಾವಲ್ಲ ಅಂತ. ಇಪ್ಪತ್ನಾಲ್ಕನೇದು ಇಲ್ಲೇ ಬಟವಾಡೀಲಿ ಜೆರಾಕ್ಸ್ ಅಂಗ್ಡಿ ಇಟ್ಟಿದಾಳೆ, ಗೊತ್ತಾ? ಮೂವತ್ತನೇದು ನರ್ಸು. ನನ್ ಬೀಪಿ ನೋಡೋದೇ ಅವ್ಳು."

"ನನಗ್ಯಾಕೆ ಆ ಖುಷಿ ಬಂದಿಲ್ಲ ಅಕ್ಕ?" ಎಂದೆ. ಹೇಗೆ ಬಾಯಿಗೆ ಬಂತೋ.

ಕಾಫಿ ಲೋಟ ನನ್ನ ಕೈಗಿಟ್ಟು, "ಬರುತ್ತೆ ಇರು" ಎಂದರು. ತಮ್ಮ ಲೋಟಕ್ಕೂ ಕಾಫಿ ಬಗ್ಗಿಸಿಕೊಂಡು, "ಒಂದ್ಸಲ ಗುಬ್ಬಿಗ್ ಹೋಗ್ಬಾ" ಎಂದರು.

ನಾನು ಕಾಲುನೋವಿನ ಮಾತು ತೆಗೆದೆ.

ಅಲ್ಲಿಂದ ಮುಂದೆ ಹೋದಾಗಲೆಲ್ಲ, ಬಾಗಿಲವರೆಗೆ ಬಂದು ಕಳಿಸುವಾಗ, ಛತ್ರಿ ಮರೀಬೇಡ ಎನ್ನುವಷ್ಟೇ ಹಗುರವಾಗಿ ಅದನ್ನು ಹೇಳುತ್ತಿದ್ದರು. "ಒಂದ್ಸಲ ಗುಬ್ಬಿಗ್ ಹೋಗ್ಬಾ." ಪರೀಕ್ಷೆ, ಮೌಲ್ಯಮಾಪನ, ಮಗಳ ಬಾಣಂತನ, ನನಗೆ ಕಾರಣಗಳಿಗೆ ಬರವಿರಲಿಲ್ಲ. ಒಂದು ಸೋಮವಾರ ಇಬ್ಬರೂ ಯಡಿಯೂರಿಗೆ ಹೋಗಿದ್ದೆವು. ದರ್ಶನ, ದಾಸೋಹ ಮುಗಿಸಿ ನೆರಳಲ್ಲಿ ಕೂತಿದ್ದಾಗ ಧೈರ್ಯ ತಂದುಕೊಂಡು ಶುರುಮಾಡಿದೆ. "ಅಕ್ಕ, ಅವತ್ತು ಆ ಗೆರೆ..."

ಕೈ ಅಡ್ಡ ಹಿಡಿದರು. "ನಂಗ್ಯಾಕೆ ಹೇಳ್ತೀಯ? ನಿನ್ ಗೆರೆ ನಂಗೊತ್ತಿಲ್ವಾ? ಮೇಲಿಂದ ಕೆಳಕ್ಕೆ ಎಳೀತೀಯ, ನಾನು ಕೆಳಗಿಂದ ಮೇಲಕ್ಕೆ. ಗೊತ್ತಿಲ್ದೋರಿಗ್ ಹೇಳು, ಹೋಗು."

"ಆ ಅಜ್ಜಿ ನನ್ನ ಸುಮ್ನೆ ಬಿಡ್ತಾಳಾ?"

"ಬಿಡ್ದಿದ್ರೆ ಬಯ್ಯಿಸ್ಕೊಂಡ್ ಬಾ. ಬಯ್ಯಿಸ್ಕೊಂಡ್ರೆ ಏನು ಸವೆದ್ಹೋಗ್ತೀಯಾ?"

ಹೋಗಲಿಲ್ಲ. ಆರು ವರ್ಷದ ಹಿಂದೆ ಇದ್ದಕ್ಕಿದ್ದ ಹಾಗೆ ಆ ಮಾತನ್ನು ಅವರು ನಿಲ್ಲಿಸಿಬಿಟ್ಟರು. ಬಾಗಿಲವರೆಗೆ ಬರುತ್ತಿದ್ದರು, ಹುಷಾರು ಎನ್ನುತ್ತಿದ್ದರು, ಗುಬ್ಬಿಯ ಹೆಸರೆತ್ತುತ್ತಿರಲಿಲ್ಲ. ಮರೆವು ಶುರುವಾಗಿರಬೇಕು ಎಂದುಕೊಂಡೆ. ಪೀಡೆ ತೊಲಗಿದ ಹಾಗೆ ನಿರಾಳವೂ ಆಯಿತು. ಅವರು ಹೇಳಿದ ಖುಷಿ ವಯಸ್ಸಿನ ಜೊತೆ ತಾನಾಗಿ ಬರುತ್ತದೆಂದು ಕಾದೆ. ಐವತ್ತೈದಾಯಿತು, ಅರವತ್ತಾಯಿತು. ಕೀಲುನೋವು ಬಂತು, ಕನ್ನಡಕದ ನಂಬರು ಏರಿತು, ಅದು ಮಾತ್ರ ಬರಲಿಲ್ಲ. ಹಾಸಿಗೆ ಹಿಡಿದ ಅವರನ್ನು ಕೊನೆಯ ಸಲ ನೋಡಿದಾಗಲೂ ತುಟಿ ಅಲ್ಲಾಡುತ್ತಿತ್ತು. ಬಗ್ಗಿ ಕೇಳಿದೆ. ಮೂವತ್ತೆಂಟನೇ ಹೆಸರಿನಲ್ಲಿದ್ದರು.

ಆರಾಧನೆಯ ದಿನ ಊಟವಾದ ಮೇಲೆ ಅವರ ಮಗ ನನ್ನನ್ನು ಒಳಗೆ ಕರೆದ. "ಆಂಟಿ, ಒಂದ್ ಸಣ್ ಕೆಲ್ಸ ಆಗ್ಬೇಕಿತ್ತು. ಇದು ಗುಬ್ಬಿಯೋರ್ ಡಬ್ಬಿ. ಅಮ್ಮ ತಿಂಗ್ಳಿಗೊಂದ್ಸಲ ಹೋಗ್ತಿದ್ರಲ್ಲ, ಅವ್ರ ಮನೇದು. ನೀವೂ ಆ ಕಡೆ ಕೆಲ್ಸ ಮಾಡ್ದೋರು. ತಲುಪಿಸ್ಬಿಡ್ತೀರಾ?"

ಅವನ ಕೈಯಲ್ಲಿ ಸ್ಟೀಲಿನ ಡಬ್ಬಿ. ಮುಚ್ಚಳದ ಮೇಲೆ ಚುಕ್ಕೆಚುಕ್ಕೆ ಅಕ್ಷರ, ಉಜ್ಜಿ ಉಜ್ಜಿ ಮಸುಕಾಗಿತ್ತು. ಪಕ್ಕದಲ್ಲಿ ಅದೇ ಜಜ್ಜು. ಅಕ್ಕ ಆ ಮನೆಗೆ ಹೋಗಿಬರುತ್ತಿದ್ದರೆಂಬುದೇ ನನಗೆ ಗೊತ್ತಿರಲಿಲ್ಲ.

ಅವನಿಗೆ ಗೊತ್ತಿದ್ದದ್ದು ಇಷ್ಟೇ. ಯಾವುದೋ ಕಾಲದಲ್ಲಿ ತಮ್ಮ ಹತ್ತಿರವೇ ಉಳಿದುಬಿಟ್ಟಿದ್ದ ಈ ಡಬ್ಬಿಯಲ್ಲಿ ಅಮ್ಮ ಏನೋ ತುಂಬಿಸಿಕೊಂಡು ಹೋಗಿ ಅವರ ಮನೆಯಲ್ಲಿ ಕೊಟ್ಟರು. ಕೊಟ್ಟ ಪಾತ್ರೆಯನ್ನು ಖಾಲಿ ವಾಪಸ್ಸು ಕಳಿಸಬಾರದಲ್ಲ, ಅವರು ಏನೋ ಹಾಕಿ ಕಳಿಸಿದರು. ಮತ್ತೆ ಅಮ್ಮ ಖಾಲಿ ಕಳಿಸುವ ಹಾಗಿಲ್ಲ. ಹೀಗೆ ವರ್ಷಗಟ್ಟಲೆ ನಡೆದಿತ್ತು. ಒಮ್ಮೆ ಎಳ್ಳಿನ ಚಿಗಳಿ, ಒಮ್ಮೆ ಹುಣಿಸೆ ತೊಕ್ಕು, ಒಮ್ಮೆ ಬರೀ ಒಂದು ಹಿಡಿ ಸಕ್ಕರೆ. "ಈ ಸಲ ಕಳ್ಸೋ ಸರದಿ ನಮ್ದು. ಅಷ್ಟ್ರಲ್ಲಿ ಅಮ್ಮ ಹಿಂಗಾದ್ರು" ಎಂದ.

ಬೇಡ ಎನ್ನಲು ಬಾಯಿ ಬರಲಿಲ್ಲ. ಆ ಡಬ್ಬಿ ನನ್ನ ಅಡುಗೆಮನೆಯ ಕಿಟಕಿಯಲ್ಲಿ ಹತ್ತು ದಿನ ಕೂತಿತ್ತು. ಅದಕ್ಕೆ ಬೆನ್ನು ಹಾಕಿ ಅಡುಗೆ ಮಾಡಿದೆ. ಹನ್ನೊಂದನೆಯ ದಿನ ಕಾಳು ನೆನೆಹಾಕಿ, ಹಿತಕಿ, ಅವರೆಕಾಳು ಉಪ್ಪಿಟ್ಟು ಮಾಡಿ, ಅದರಲ್ಲಿ ತುಂಬಿಸಿಕೊಂಡು ಮಧ್ಯಾಹ್ನದ ರೈಲು ಹತ್ತಿದೆ.

ಗುಬ್ಬಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಹೆಂಗಸು ನನ್ನ ಮುಖಕ್ಕಿಂತ ಮೊದಲು ಡಬ್ಬಿಯನ್ನು ನೋಡಿದಳು. ಆ ಹುಡುಗಿಯ ತಂಗಿ. ನಲವತ್ತರ ಹತ್ತಿರ, ಕಿವಿಯ ಪಕ್ಕ ನರೆ.

"ಮಿಸ್ ಮನೆಯಿಂದ ಬಂದ್ರಾ? ಸುದ್ದಿ ತಡವಾಗಿ ಗೊತ್ತಾಯ್ತು, ಮಣ್ಣಿಗೂ ಬರೋಕಾಗ್ಲಿಲ್ಲ." ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಜಗಲಿಯ ಮೇಲೆ ಚಾಪೆ ಹಾಕಿ, ನೀರು ತಂದುಕೊಟ್ಟಳು. ನನ್ನನ್ನು ಅವರ ನೆಂಟರವಳು ಎಂದುಕೊಂಡಿರಬೇಕು. ತಾನಾಗಿ ಮಾತಾಡತೊಡಗಿದಳು.

"ಮೊದ್ಲು ನಮ್ಮಜ್ಜಿ ಮಿಸ್‌ನ ಒಳಗೇ ಬಿಡ್ತಿರ್ಲಿಲ್ಲ. ಬಾಗ್ಲಲ್ಲೇ ನಿಲ್ಸಿ ಬಾಯಿಗ್ ಬಂದಂಗೆ ಬೈಯೋಳು. ಅವ್ರು ಬಯ್ಯಿಸ್ಕೊಂಡು ಹೋಗಿ, ಮುಂದಿನ ತಿಂಗ್ಳು ಮತ್ತೆ ಬರೋರು. ಎಷ್ಟೋ ವರ್ಷ ಹಂಗೇ ಆಯ್ತು. ಒಂದಿನ ಅಜ್ಜಿಗೆ ಬೈಯೋದೆಲ್ಲ ಮುಗ್ದೋಯ್ತು. ಒಳಕ್ ಬಾ ಅಂದ್ಳು. ಆಮೇಲೆ ಇಬ್ರೂ ಕೂತ್ಕೊಂಡು ಎಲೆಅಡಿಕೆ ಹಾಕ್ಕೊಂಡು ನಗ್ತಿದ್ರು. ನಂಗೇ ಎಷ್ಟೋ ಸಲ ಕೋಪ ಬರೋದು, ಇವ್ರಿಬ್ರೂ ಹೆಂಗ್ ನಗ್ತಾರೆ ಅಂತ."

ನಾನು ನೀರಿನ ಲೋಟ ಹಿಡಿದುಕೊಂಡೇ ಇದ್ದೆ.

"ಒಂದ್ಸಲ ಅಜ್ಜಿ ಮಿಸ್‌ಗೆ ಹೇಳಿದ್ಳು. ಅವತ್ತು ಬೆಳಿಗ್ಗೆ ನಾನೇ ಮಗೀಗೆ ಹೊಡ್ದಿದ್ದೆ, ಅದ್ಕೇ ಡಬ್ಬಿ ಬಿಟ್ಟು ಅಳ್ತಾ ಓಡೋಯ್ತು, ಇದ್ನ ಇಲ್ಲೀಗಂಟ ಯಾರ್ಗೂ ಹೇಳಿರ್ಲಿಲ್ಲ ಅಂತ. ಅವಾಗ ಮಿಸ್ ಅಂದ್ರು, ನಾವಿಬ್ರೇ ಅಲ್ಲ ಅಜ್ಜಿ, ಇದ್ನ ಹೊತ್ಕೊಂಡಿರೋಳು ಇನ್ನೊಬ್ಳಿದಾಳೆ. ಹೆಸ್ರು ನಾನ್ ಹೇಳಲ್ಲ, ಅವ್ಳೇ ಬರ್ತಾಳೆ ಅಂತ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಲ್ಲಿಂದ ಮಿಸ್ ಬಂದಾಗೆಲ್ಲ ಅಜ್ಜಿ ಅವ್ರ ಬೆನ್ನ ಹಿಂದೆ ನೋಡೋಳು, ಜೊತೇಲಿ ಯಾರಾದ್ರ ಬಂದವ್ರಾ ಅಂತ. ಆ ಇನ್ನೊಬ್ರು ಮಿಸ್ ಬರ್ಲೇ ಇಲ್ವಲ್ಲ ಮಗಾ, ಬಂದಿದ್ರೆ ಹೇಳ್ಬೋದಿತ್ತು, ಹೊಡ್ದೋಳು ನಾನು, ನೀನ್ಯಾಕೆ ಒಬ್ಳೇ ಸಾಯ್ತೀಯಾ ಅಂತ ಹೇಳ್ಬೋದಿತ್ತು ಅನ್ನೋಳು. ಅಜ್ಜಿ ಹೋಗಿ ಆರು ವರ್ಷ ಆಯ್ತು. ಸಾಯೋ ದಿನಾನೂ ಕೇಳಿದ್ಳು."

ಆರು ವರ್ಷ. ಬಾಗಿಲಲ್ಲಿ ನಿಂತು ಬರೀ ಹುಷಾರು ಎನ್ನತೊಡಗಿದ ಅಕ್ಕ ಕಣ್ಣಿಗೆ ಕಟ್ಟಿದರು. ಅವರಿಗೆ ಮರೆವು ಬಂದಿರಲಿಲ್ಲ. ಹೋಗು ಎಂದು ಹೇಳಲು ಅಲ್ಲಿ ಕಾಯುವವರು ಉಳಿದಿರಲಿಲ್ಲ.

"ನೀವು ಮಿಸ್‌ಗೆ ಏನಾಗ್ಬೇಕು?" ಎಂದು ಅವಳು ಕೇಳಿದಳು.

ಲೋಟ ಕೆಳಗಿಟ್ಟೆ. ಮೂವತ್ತನಾಲ್ಕು ವರ್ಷದಿಂದ ನನ್ನ ಬಾಯಲ್ಲಿ ಬಾರದಿದ್ದ ಹೆಸರನ್ನು, ಕ್ಲಾಸಿನಲ್ಲಿ ಕೂಗುವ ಹಾಗೆ, ಪೂರ್ತಿಯಾಗಿ ಹೇಳಿದೆ. "ಪುಟ್ಟಲಕ್ಷ್ಮಿ. ನಂಬರ್ ಇಪ್ಪತ್ಮೂರು. ಅವತ್ತು ನಿಮ್ಮಕ್ಕನ ಹೆಸ್ರಿನ ಮುಂದೆ ಬಂದಿದಾಳೆ ಅಂತ ಗೆರೆ ಎಳೆದೋಳು ನಾನಮ್ಮ. ಆ ಇನ್ನೊಬ್ರು ಮಿಸ್ ನಾನೇ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಡಬ್ಬಿಯನ್ನು ಎತ್ತಿಕೊಂಡು ಎದ್ದು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಒಳಗೆ ನಲ್ಲಿ ಬಿಟ್ಟ ಸದ್ದು. ಡಬ್ಬಿ ತೊಳೆಯುತ್ತಿದ್ದಳೋ, ಮುಖ ತೊಳೆಯುತ್ತಿದ್ದಳೋ ತಿಳಿಯಲಿಲ್ಲ. ಬಹಳ ಹೊತ್ತಾಯಿತು. ಮತ್ತೆ ಹೊರಗೆ ಬಂದು ಬೈಯುತ್ತಾಳೆಯೋ, ಬರುವುದೇ ಇಲ್ಲವೋ ಅದೂ ತಿಳಿಯಲಿಲ್ಲ.

ಸ್ಟೇಷನ್ ಕಡೆಯಿಂದ ತುಮಕೂರಿಗೆ ಹೋಗುವ ಸಂಜೆಯ ರೈಲು ಕೂಗಿತು. ಕೈ ಅಭ್ಯಾಸಬಲದಿಂದ ಚೀಲದ ಕಡೆ ಹೋಯಿತು. ಚೀಲವನ್ನು ದೂರಕ್ಕೆ ಸರಿಸಿದೆ. ರೈಲು ಇನ್ನೊಂದು ಸಲ ಕೂಗಿ, ಹೊರಟು, ಸದ್ದು ಸಣ್ಣದಾಗಿ, ಪೂರ್ತಿ ಕೇಳದಂತಾಗುವವರೆಗೂ ನಾನು ಜಗಲಿಯ ಮೇಲೆ ಕೂತೇ ಇದ್ದೆ.